ಅಮ್ಮನ ಹೆಸರಿನ ಎರಡು ಗೆರೆಗಳು

ಅತ್ತಿಗೆಯೂ ನಾನೂ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಇಬ್ಬರ ನಡುವೆ ಒಂದು ಪಾತ್ರೆ. ಕಾಳನ್ನು ಎರಡು ಬೆರಳಿನ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬೇರೆ ದಿನವಾಗಿದ್ದರೆ ಅತ್ತಿಗೆ ಒಂದೆರಡು ಬೇಳೆಯನ್ನು ನನ್ನ ಮೂಗಿಗೆ ಗುರಿಯಿಟ್ಟು ಹಾರಿಸಿ ನಗುತ್ತಿದ್ದಳು. ಅವತ್ತು ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಅಣ್ಣನ ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದನ್ನು ಯಾರೂ ಸದ್ದು ಎಂದು ಎಣಿಸುವುದಿಲ್ಲ. ಮಗ್ಗ ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ನಾನು ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅಮ್ಮನ ಗೆರೆ ದಾಟಿರುವುದನ್ನು ಮಧ್ಯಾಹ್ನ ನಾನು ಕೆಲಸ ಮಾಡುವ ಕ್ಯಾನ್ಸರ್ ಕೇಂದ್ರದಲ್ಲಿ ಕಣ್ಣಾರೆ ನೋಡಿ ಬಂದಿದ್ದೆ. ಅದನ್ನು ಅಮ್ಮನಿಗೆ ಹೇಳಬಾರದೆಂದು ಅಣ್ಣ ಅಪ್ಪಣೆ ಮಾಡಿದ್ದ.

ಸಿಪ್ಪೆಯನ್ನು ಒಟ್ಟು ಮಾಡಲು ಅತ್ತಿಗೆ ಮುಂದಕ್ಕೆ ಬಾಗಿದಳು. ನೈಟಿಯ ಕುತ್ತಿಗೆ ಸಡಿಲವಾಯಿತು. ಎಡಗಡೆ, ಎದೆಯ ಮೇಲ್ಭಾಗದಲ್ಲಿ, ಮೀನಿನ ಪೊರೆಯಂತೆ ಹೊಳೆಯುವ ಒಂದು ಅಂಚು ಕಾಣಿಸಿತು. ದಿನವಿಡೀ ನನ್ನ ಕೈಯಲ್ಲಿ ಆಡುವ ವಸ್ತು ಅದು. ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತೇನೆ.

ಅದು ಕಾವಲು ಪಟ್ಟಿ. ನಮ್ಮ ಮನೆಯಲ್ಲಿ ಇರಬೇಕಾದದ್ದು ಒಂದೇ. ಅದು ಇರಬೇಕಾದದ್ದು ಅಮ್ಮನ ಮೈಮೇಲೆ.

ಅತ್ತಿಗೆ ನೆಟ್ಟಗೆ ಕೂತಳು. ನಾನು ನೋಡಿದ್ದನ್ನು ಅವಳು ನೋಡಿದಳು. ಮತ್ತೆ ಪಾತ್ರೆಗೆ ಕೈ ಹಾಕಿದಳು.

*

ಕಾವಲು ಪಟ್ಟಿಗೆ ಸರ್ಕಾರ ಇಟ್ಟ ಹೆಸರು ಉದ್ದವಾಗಿದೆ, ಅದನ್ನು ಯಾರೂ ಹೇಳುವುದಿಲ್ಲ. ರೇಷ್ಮೆಯನ್ನು ಕರಗಿಸಿ ಎಳೆದ ತೆಳ್ಳನೆಯ ಹಾಳೆ. ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು. ಅಮ್ಮನಂತೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರು ಗಾಯದ ಪಕ್ಕದಲ್ಲಿ ಅದನ್ನು ಅಂಟಿಸಿಕೊಂಡಿರಬೇಕು. ಮುಳ್ಳುಗಳು ಚರ್ಮದಡಿಯ ನೀರನ್ನು ಹೀರಿ, ಸತ್ತ ಜೀವಕೋಶಗಳಿಂದ ಸೋರಿದ ಚೂರುಗಳನ್ನು ಅಳೆದು, ಫೋನಿನ ಮೂಲಕ ಕೇಂದ್ರಕ್ಕೆ ಕಳಿಸುತ್ತವೆ. ವಾರಕ್ಕೊಮ್ಮೆ ಅದನ್ನು ಕಿತ್ತು ಮನೆಯಲ್ಲೇ ಹೊಸದನ್ನು ಹಾಕಿಕೊಳ್ಳುತ್ತಾರೆ. ಹಳೆಯವು ಕೇಂದ್ರಕ್ಕೆ ವಾಪಸ್ ಬರುತ್ತವೆ. ಅವನ್ನು ತೊಳೆದು, ಒಣಗಿಸಿ, ತಟ್ಟೆಯಲ್ಲಿ ಜೋಡಿಸಿ ಯಂತ್ರದ ಪಕ್ಕ ಇಡುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆ ಯಂತ್ರ ಏನು ನೋಡುತ್ತದೆ ಎಂದು ಹೇಳಿಕೊಟ್ಟವರು ಟೆಕ್ನಿಷಿಯನ್ ತಬಸ್ಸುಮ್ ಮೇಡಂ. ಪ್ರತಿ ಜೀವಕೋಶದಲ್ಲೂ ಕಾವಲು ಪ್ರೋಟೀನುಗಳಿರುತ್ತವಂತೆ. ಕೋಶ ಹದ್ದು ಮೀರಿ ಬೆಳೆಯಲು ಹೊರಟರೆ ಅವು ತಡೆಯುತ್ತವೆ. ಅವುಗಳಲ್ಲಿ ಒಂದಕ್ಕೆ ಪಿ ಐವತ್ತಮೂರು ಎನ್ನುತ್ತಾರೆ. ಸರಿಯಾಗಿರುವಾಗ ಅದು ತನ್ನ ಕೆಲಸ ಮುಗಿಸಿ ಬೇಗ ಕರಗಿಹೋಗುತ್ತದೆ. ಕೆಟ್ಟರೆ ಕರಗುವುದಿಲ್ಲ, ಕೋಶದೊಳಗೆ ರಾಶಿ ಬೀಳುತ್ತದೆ. ಇನ್ನೊಂದು, ಪಿಟೆನ್ ಎನ್ನುವುದು, ಕೆಟ್ಟರೆ ಕಾಣದಂತಾಗುತ್ತದೆ. ಮೊದಲಿನದು ಏರುತ್ತಾ, ಎರಡನೆಯದು ಇಳಿಯುತ್ತಾ ಬಂದು, ಪರದೆಯ ಮೇಲೆ ಎರಡು ಗೆರೆಗಳು ಒಂದನ್ನೊಂದು ದಾಟಿದರೆ ಮುಂದಿನ ದಾರಿ ಒಳ್ಳೆಯದಲ್ಲ.

"ಹಿಂದೆ ಗಡ್ಡೆ ತೆಗೆದು ಅದರ ಚೂರಿಗೆ ಬಣ್ಣ ಹಾಕಿ ನೋಡೋರು," ಎಂದಿದ್ದರು ಮೇಡಂ. "ಒಂದು ಸಲ ನೋಡಿ ಭವಿಷ್ಯ ಹೇಳೋರು. ಈಗ ದಿನಾ ನೋಡ್ತೀವಿ. ಕಾಯಿಲೆ ಎಷ್ಟಿದೆ ಅಂತ ಪಟ್ಟಿ ಹೇಳಲ್ಲ ಇಂಚರಾ. ಯಾವ ಕಡೆ ಹೊರಟಿದೆ ಅಂತ ಹೇಳತ್ತೆ."

ಮೊದಮೊದಲು ಪಟ್ಟಿ ಯಾರ ಮೈಮೇಲಿದೆ ಎಂಬುದನ್ನೂ ಯಂತ್ರ ಗುರುತು ಹಿಡಿಯುತ್ತಿತ್ತಂತೆ. ಆ ಗುರುತುಗಳು ಹೇಗೋ ಹೊರಗೆ ಸೋರಿದವು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಾ "ನಿಮ್ಮ ಕಡೆ ಹೆಂಗಸರ ಗೆರೆ ಹೆಂಗೆ?" ಎಂದು ಕೇಳುವಂತಾಯಿತು. ಎಷ್ಟೋ ಮದುವೆ ಮುರಿದವು. ಗಲಾಟೆಯಾಗಿ, ಕಾನೂನು ಬಂದು, ಮೈ ಗುರುತಿಸುವ ಭಾಗವನ್ನೇ ಪಟ್ಟಿಯಿಂದ ತೆಗೆದರು. ಈಗ ಅದರ ಮೇಲೆ ಒಂದು ಸಂಖ್ಯೆ ಇರುತ್ತದೆ, ಅಷ್ಟೇ. ಆ ಸಂಖ್ಯೆ ಯಾರ ಹೆಸರಲ್ಲಿದೆಯೋ ಅವರದೇ ಮೈ ಎಂದು ಯಂತ್ರ ನಂಬುತ್ತದೆ. ಉಪ್ಪಿಟ್ಟು ತಿನ್ನುವವರು ಈಗಲೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ.

ಅವತ್ತು ಮಧ್ಯಾಹ್ನ ನಾನು ತಟ್ಟೆ ತೆಗೆದುಕೊಂಡು ಒಳಗೆ ಹೋದಾಗ ತಬಸ್ಸುಮ್ ಮೇಡಂ ಪರದೆಯನ್ನು ಕೈಯಿಂದ ಮರೆ ಮಾಡಲು ನೋಡಿದರು. ಆಗಲೇ ತಡವಾಗಿತ್ತು. ಮೇಲ್ಗಡೆ 'ಅನಸೂಯಮ್ಮ' ಎಂದಿತ್ತು. ನನ್ನ ಅಮ್ಮನ ಹೆಸರು. ಕೆಳಗೆ ಕೆಂಪು ಗೆರೆ ಮೇಲಕ್ಕೆ ಹೋಗಿತ್ತು, ನೀಲಿ ಗೆರೆ ಕೆಳಗಿಳಿದಿತ್ತು. ಬೇಸಿಗೆಯಿಂದ ಮಲಗಿದಂತೆ ನೆಟ್ಟಗಿದ್ದ ಗೆರೆಗಳು ಶ್ರಾವಣ ಕಳೆದ ಮೇಲೆ ನಿಧಾನಕ್ಕೆ ಬಾಗಿ, ಈ ವಾರ ಒಂದನ್ನೊಂದು ದಾಟಿದ್ದವು.

ಡಾಕ್ಟರ್ ವಸುಧಾ ಅಣ್ಣನನ್ನು ಫೋನ್ ಮಾಡಿ ಕರೆಸಿದರು. ಅಣ್ಣ ಕಿಶೋರ ಮಗ್ಗ ಬಿಟ್ಟು ಹಾಗೇ ಬಂದಿದ್ದ. ತಲೆಗೂದಲಲ್ಲಿ ನೂಲಿನ ಧೂಳು ಕೂತಿತ್ತು.

"ಸ್ಕ್ಯಾನಲ್ಲಿ ಏನೂ ಕಾಣಿಸ್ತಿಲ್ಲ," ಎಂದರು ಡಾಕ್ಟರ್. "ಆದ್ರೆ ಗೆರೆ ದಾಟಿದ ಮೇಲೆ ಗಡ್ಡೆ ಕಾಣೋವರೆಗೂ ಕಾಯೋ ಹಾಗಿಲ್ಲ. ಸೋಮವಾರ ಔಷಧಿ ಶುರು ಮಾಡೋಣ. ಹನಿ ಹನಿಯಾಗಿ ನರಕ್ಕೆ ಹೋಗತ್ತೆ. ಒಂದು ಮಾತು ಹೇಳಿಬಿಡ್ತೀನಿ, ಇದು ಹೃದಯಕ್ಕೆ ಭಾರ. ನಿಮ್ಮಮ್ಮಂದು ಮೊದಲೇ ಸೋತ ಹೃದಯ. ಗೆರೆ ದಾಟಿರದಿದ್ರೆ ನಾನು ಈ ಔಷಧಿ ಹೆಸರೂ ಎತ್ತುತ್ತಿರಲಿಲ್ಲ."

ಅಣ್ಣ ನಮ್ಮಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದ.

"ಅಮ್ಮಂಗೆ ಹೇಳಬೇಡಿ ಮೇಡಂ. ಶಕ್ತಿಗೆ ಬಾಟ್ಲಿ ಹಾಕಿಸ್ತೀನಿ ಅಂತ ಕರ್ಕೊಂಡು ಬರ್ತೀನಿ. ಗೊತ್ತಾದ್ರೆ ಭಯಕ್ಕೇ ಹೋಗಿಬಿಡ್ತಾಳೆ."

ಡಾಕ್ಟರಿಗೆ ಇದು ಹೊಸದಲ್ಲ. ಬೇಡವೆಂದು ಹೇಳಿ ನೋಡಿದರು, ಕೊನೆಗೆ ಒಪ್ಪಿದರು. ಬಾಗಿಲಲ್ಲಿ ಅಣ್ಣ ನನ್ನ ಕಡೆ ತಿರುಗಿ, "ನಿಂಗೆ ಹೇಳಬೇಕಾಗಿಲ್ಲ ಬಿಡು. ನೀನು ಬಾಯಿ ಬಿಡೋಳಲ್ಲ," ಎಂದ.

*

ಗುಟ್ಟು ಮಾತಾಡಬೇಕಾದರೆ ನಮ್ಮ ಮನೆಯ ಹೆಂಗಸರು ಮಗ್ಗದ ಶೆಡ್ಡಿಗೆ ಹೋಗುತ್ತೇವೆ. ಆ ಹೊಡೆತದಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ. ಚಿಕ್ಕಂದಿನಿಂದ ತುಟಿ ನೋಡಿಯೇ ಮಾತು ತಿಳಿಯುವುದು ಅಭ್ಯಾಸ. ಬೇರೆ ಮನೆಯಿಂದ ಬಂದ ಅತ್ತಿಗೆ ಅದನ್ನು ಒಂದೇ ವರ್ಷದಲ್ಲಿ ಕಲಿತಿದ್ದಳು.

ಅವರೆಕಾಳು ಮುಗಿಸಿ ಅವಳು ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ತೆಗೆದುಕೊಂಡು ಶೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಅಣ್ಣ ಅಂಗಡಿ ಕಡೆ ಹೋಗಿದ್ದ.

"ಯಾವಾಗಿಂದ?" ಎಂದೆ.

"ಅತ್ತೆಗೆ ಚರ್ಮ ಕೆಂಪಾಗಿ ಕಡಿತ ಶುರುವಾಯ್ತಲ್ಲ, ಆವಾಗಿಂದ." ಅವಳು ಲಾಳಿಯಿಂದ ಖಾಲಿ ಕಂಡಿಕೆ ತೆಗೆದು ಹೊಸದನ್ನು ಹಾಕುತ್ತಾ ತುಟಿ ಆಡಿಸಿದಳು. "ವರಮಹಾಲಕ್ಷ್ಮಿ ಹಬ್ಬದ ದಿನ ಕರೆದು ಕೊಟ್ರು. ತಟ್ಟೇಲಿ ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ, ಅದರ ಮೇಲೆ ಆ ವಾರದ ಪಟ್ಟಿ. ನನ್ನ ಕೈಲಾಗಲ್ಲ, ಇನ್ನು ನೀನು ನಡೆಸ್ಕೊಂಡು ಹೋಗು ಅಂದ್ರು. ನಂಗೆ ನಗು ಬಂತು ಇಂಚು. ತಗೊಂಡು ಕಾಲಿಗೆ ಬಿದ್ದೆ."

"ನೀನು ಪಿಯುಸಿ ಓದಿದೋಳು. ಅದು ಅಳೆಯೋದು ಅಂತ ಗೊತ್ತಾಗಲಿಲ್ವಾ?"

"ಗೊತ್ತಿತ್ತು. ನನ್ನ ಮೈಯಲ್ಲಿ ಏನಿರತ್ತೆ ಅಂದ್ಕೊಂಡೆ. ಗೆರೆ ನೆಟ್ಟಗೆ ಬರತ್ತೆ, ನಿಮ್ಮ ಕೇಂದ್ರದೋರು ಫೋನ್ ಮಾಡಿ ಕಾಟ ಕೊಡಲ್ಲ, ಅತ್ತೆ ಮೈ ಕೆರ್ಕೊಳ್ದೆ ನಿದ್ದೆ ಮಾಡ್ತಾರೆ. ಇಷ್ಟೇ." ಅವಳು ನಕ್ಕಳು. "ಏನು, ನಮ್ಮಿಬ್ಬರನ್ನೂ ಜೈಲಿಗೆ ಹಾಕಿಸ್ತೀಯಾ?"

ಅಮ್ಮನಿಗೆ ಹೇಳಬಾರದೆಂದು ಅಣ್ಣ ಅಂದಿದ್ದ. ಅತ್ತಿಗೆಗೆ ಹೇಳಬಾರದೆಂದು ಅಂದಿರಲಿಲ್ಲ. ಪಟ್ಟಿ ಯಾರ ಮೈಮೇಲಿದೆ ಎಂದು ಅವನಿಗೆ ಗೊತ್ತಿದ್ದರೆ ಏನನ್ನುತ್ತಿದ್ದನೋ.

"ಗೆರೆ ದಾಟಿದೆ," ಎಂದೆ.

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಹೇಳು ಎನ್ನಲಿಲ್ಲ. ಯಾರದು ಎಂದೂ ಕೇಳಲಿಲ್ಲ. ಕೈಯಲ್ಲಿದ್ದ ಕಂಡಿಕೆಯನ್ನು ಲಾಳಿಗೆ ಸಿಕ್ಕಿಸಿ, ನೂಲಿನ ತುದಿಯನ್ನು ಅದರ ಕಣ್ಣಿಗೆ ಪೋಣಿಸಿ, ಮಗ್ಗ ಹಾಕಿದಳು. ಅದು ಹೊಡೆಯಲು ಶುರು ಮಾಡಿದ ಮೇಲೆ ಅದರ ಚೌಕಟ್ಟು ಹಿಡಿದು ನಿಂತಳು.

ಈಚೆಗೆ ಅವಳು ತನ್ನ ಮಗು ಚುಕ್ಕಿಗೆ ಬಲಗಡೆ ಮಾತ್ರ ಹಾಲು ಕೊಡುತ್ತಿದ್ದುದನ್ನು ನಾನು ನೋಡಿದ್ದೆ. ಎಡಗಡೆ ಹಾಕಿಕೊಂಡರೆ ಮಗು ಬಾಯಿ ತೆಗೆದು ಅಳುತ್ತಿತ್ತು. ಹಲ್ಲು ಬರುತ್ತಿರಬೇಕು ಎಂದು ಅಮ್ಮ ಹೇಳಿದ್ದರು. ನಾವೆಲ್ಲ ಒಪ್ಪಿದ್ದೆವು.

"ನಮ್ಮಮ್ಮ ಹೋಗಿದ್ದೂ ಇದರಲ್ಲೇ," ಎಂದಳು ಅತ್ತಿಗೆ. "ನಿಮ್ಮನೇಲಿ ಜಾಂಡೀಸ್ ಅಂತ ಹೇಳಿದ್ವಿ."

ಅವಳು ಬುಟ್ಟಿಯಿಂದ ಇನ್ನೊಂದು ಕಂಡಿಕೆ ಎತ್ತಿಕೊಂಡಳು.

"ನನ್ನ ತಂಗಿಗೆ ಗಂಡು ಗೊತ್ತಾಗಿದೆ. ಮಾತುಕತೆಗೆ ಬರೋ ತಿಂಗಳು ಬರ್ತಾರೆ. ನಂದು ಹೀಗೆ ಅಂತ ಗೊತ್ತಾದ್ರೆ ಅವರು ನಮ್ಮ ಬೀದಿಗೂ ಕಾಲಿಡಲ್ಲ. ಅಲ್ಲಿವರೆಗೂ ಸುಮ್ಮನಿರು ಇಂಚು."

"ಸೋಮವಾರ ಅಮ್ಮಂಗೆ ಔಷಧಿ ಹಾಕ್ತಾರೆ. ನಿನ್ನ ಗೆರೆ ನೋಡಿ ಅಮ್ಮಂಗೆ. ಅಮ್ಮನ ಹೃದಯ ತಡೆಯಲ್ಲ ಅತ್ತಿಗೆ."

ಅವಳಿಗೆ ಅದು ಗೊತ್ತಿರಲಿಲ್ಲ. ಗಂಡ ಅವಳಿಗೂ ಶಕ್ತಿ ಬಾಟ್ಲಿ ಎಂದೇ ಹೇಳಿದ್ದ. ಅವಳ ಎಡಗೈ ಎದೆಯ ಕಡೆ ಹೋಗಿ ಅರ್ಧಕ್ಕೆ ನಿಂತು ಕೆಳಗಿಳಿಯಿತು.

"ಸೋಮವಾರದೊಳಗೆ ನಾನೇ ನಿಮ್ಮಣ್ಣಂಗೆ ಹೇಳ್ತೀನಿ. ನಾನೇ. ನೀನು ಹೇಳಬೇಡ. ಚುಕ್ಕಿ ಆಣೆ."

ಯಾರ ಆಣೆಯನ್ನೂ ಇಡಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಿದ್ದಳು.

ರಾತ್ರಿ ಊಟಕ್ಕೆ ಹಿತುಕಿದಬೇಳೆ ಸಾರು. ಅಣ್ಣ ತಟ್ಟೆ ನೋಡುತ್ತಲೇ ಸೋಮವಾರದ ವಿಷಯ ಎತ್ತಿದ. ಅಮ್ಮನಿಗೆ ಖುಷಿಯಾಯಿತು.

"ನಿಮ್ಮಪ್ಪ ನಂಗೆ ಒಂದು ಗ್ಲಾಸ್ ಹಾರ್ಲಿಕ್ಸ್ ಕೊಡಿಸೋಕೆ ಹಬ್ಬ ಬರ್ಲಿ ಅಂತಿದ್ದ. ಮಗ ಬಾಟ್ಲಿನೇ ಹಾಕಿಸ್ತಾನಂತೆ ನೋಡು." ಅಮ್ಮ ಅತ್ತಿಗೆಯ ಕಡೆ ತಿರುಗಿದರು. "ಯಾಕೆ ಲಾವಣ್ಯಾ, ಮುದ್ದೆ ಮುರೀದೆ ಕೂತಿದೀಯಾ? ನಿಂಗೂ ಒಂದು ಬಾಟ್ಲಿ ಬೇಕಾ?"

ಅತ್ತಿಗೆ ಮುದ್ದೆ ಮುರಿದಳು.

*

ಮಾರನೆಯ ದಿನ ತಬಸ್ಸುಮ್ ಮೇಡಂ ಒಬ್ಬರೇ ಇದ್ದಾಗ ನಾನು ತಟ್ಟೆ ಇಟ್ಟು ಹೊರಡದೆ ನಿಂತೆ.

"ಏನಮ್ಮಾ, ಹೆಸರು ಇಂಚರ, ದನಿ ಮಾತ್ರ ತವರುಮನೆಗೆ ಹೋಗಿದೆಯಾ? ಹೇಳು."

"ಒಬ್ಬರ ಪಟ್ಟಿ ಇನ್ನೊಬ್ಬರು ಹಾಕ್ಕೊಂಡ್ರೆ ಏನಾಗತ್ತೆ ಮೇಡಂ?"

"ಯಾರ ಮೈಯೋ ಅವರ ಗೆರೆ ಬರತ್ತೆ. ಆದ್ರೆ ಯಾರು ಹಾಕ್ಕೋತಾರೆ? ಮದುವೆ ಛತ್ರದ ಚಪ್ಪಲಿನಾ ಇದು, ಅದಲು ಬದಲಾಗೋಕೆ?"

"ಗೆರೆ ನೆಟ್ಟಗಿರೋರಿಗೆ ಆ ಔಷಧಿ ಕೊಟ್ರೆ?"

ಅವರು ಪರದೆಯಿಂದ ಕಣ್ಣು ತೆಗೆದರು. "ಕೊಡಲ್ಲ. ಅದು ಕಾವಲು ಕೆಟ್ಟ ಕೋಶ ಹುಡುಕ್ಕೊಂಡು ಹೋಗಿ ಹಿಡಿಯೋ ಔಷಧಿ. ಹಿಡಿಯೋಕೆ ಅಂಥದ್ದು ಸಿಗ್ಲಿಲ್ಲ ಅಂದ್ರೆ ರಕ್ತದಲ್ಲೇ ಸುತ್ತಿ ಹೃದಯದಲ್ಲಿ ಕೂತ್ಕೊಳತ್ತೆ. ಗಟ್ಟಿ ಹೃದಯ ಆದ್ರೆ ಹೇಗೋ. ಯಾಕೆ ಕೇಳ್ತಿದೀಯ?"

ನನ್ನ ಗಂಟಲಲ್ಲಿ ಮಾತು ಸಿದ್ಧವಾಗಿಯೇ ಇತ್ತು. ಚುಕ್ಕಿಯ ಆಣೆ ಅಡ್ಡ ಬಂತು. ಅತ್ತಿಗೆ ಇಷ್ಟು ಹೊತ್ತಿಗೆ ಹೇಳಿರಬಹುದು ಎಂದುಕೊಂಡೆ. ಅವಳೇ ಹೇಳಿದರೆ ಅದು ಅವಳ ಮಾತಾಗುತ್ತದೆ, ನಾನು ಹೇಳಿದರೆ ಚಾಡಿಯಾಗುತ್ತದೆ.

"ಸುಮ್ಮನೆ," ಎಂದೆ.

"ಅಮ್ಮಂಗೆ ಏನೂ ಆಗಲ್ಲ ಬಿಡು. ನಾನೇ ಪಕ್ಕದಲ್ಲಿರ್ತೀನಿ," ಎಂದು ಮೇಡಂ ನನ್ನ ಬೆನ್ನು ತಟ್ಟಿದರು.

ಮನೆಯಲ್ಲಿ ಅಮ್ಮ ಜಗಲಿಯ ಮೇಲೆ ಕೂತು ಚುಕ್ಕಿಗೆ ತಲೆ ಬಾಚುತ್ತಿದ್ದರು. ಅತ್ತಿಗೆ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಳು. ನಾನು ಅಮ್ಮನ ಪಕ್ಕ ಕೂತೆ.

"ಅಮ್ಮ, ಪಟ್ಟಿ ನೀನೇ ಹಾಕ್ಕೋಬೇಕಿತ್ತು."

"ನೋಡಿಬಿಟ್ಯಾ? ನಿನ್ನ ಕಣ್ಣಿಗೆ ಯಾವುದೂ ತಪ್ಪಲ್ಲ," ಎಂದರು ಅಮ್ಮ, ಬೇಸರವಿಲ್ಲದೆ. "ಪಟ್ಟಿ ಕೊಡುವಾಗ ಆ ಸಿಸ್ಟರ್ ಏನಂದ್ಲು? ಒಂದು ದಿನವೂ ತಪ್ಪಬಾರದು, ನಡುವೆ ಬಿಟ್ರೆ ಮೊದಲಿಂದ ಹಿಡೀಬೇಕು ಅಂದ್ಲು. ನಂಗೆ ಮೈಯೆಲ್ಲ ಕಿತ್ತುಹೋಗೋ ಹಂಗೆ ಕಡಿತ. ಬಿಡೋಕಾಗತ್ತಾ? ನಮ್ಮತ್ತೆಗೆ ಕಾಲು ಬಿದ್ದಾಗ ಅವರ ಸೋಮವಾರದ ವ್ರತ ನನ್ನ ಕೈಗೆ ಕೊಟ್ರು. ನಾನು ಬಿಟ್ನಾ?"

"ಅದು ವ್ರತ ಅಲ್ಲಮ್ಮ."

"ಗಂಡನ ಆಯುಸ್ಸಿಗೆ ಅಂತ ಹೆಂಡತಿ ತಾಳಿ ಕಟ್ಕೊಳಲ್ವಾ? ಅವನ ಕುತ್ತಿಗೆಗೆ ಕಟ್ತಾರಾ? ಮನೆ ಹೆಣ್ಣು ಮನೆಯೋರಿಗೋಸ್ಕರ ಹಾಕ್ಕೊಂಡ್ರೆ ಮುಟ್ಟತ್ತೆ. ಮುಟ್ಟಿದೆ ನೋಡು, ಇವತ್ತಿನವರೆಗೂ ನಿಮ್ಮ ಕೇಂದ್ರದಿಂದ ಒಂದು ಕೆಟ್ಟ ಮಾತು ಬಂದಿಲ್ಲ. ಬಂದಿದ್ಯಾ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಕೆಟ್ಟ ಮಾತು ಬಂದಿದೆ ಎಂದರೆ ಅಮ್ಮ ತನ್ನದೆಂದು ಹೆದರುತ್ತಾರೆ. ನಿನ್ನದಲ್ಲ ಎಂದರೆ ಮತ್ತೆ ಯಾರದೆಂದು ಕೇಳುತ್ತಾರೆ. ಮಗು ಬಾಚಣಿಗೆ ಕಿತ್ತುಕೊಂಡು ನನ್ನ ಕೈಗೆ ಕೊಟ್ಟಿತು. ನಾನು ಅದರ ತಲೆ ಬಾಚತೊಡಗಿದೆ.

ಭಾನುವಾರ ಅತ್ತಿಗೆ ಎರಡು ಸಲ ಅಣ್ಣನ ಪಕ್ಕ ಹೋಗಿ ನಿಂತಳು. ಮೊದಲನೇ ಸಲ ಅವನು ಮಗ್ಗದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. "ಏನು?" ಎಂದ. "ಕಾಫಿ ತರಲಾ?" ಎಂದಳು. ಎರಡನೇ ಸಲ ಅವನು ಫೋನಿನಲ್ಲಿ ಚುಕ್ಕಿಯ ಫೋಟೋಗಳನ್ನು ನೋಡುತ್ತಿದ್ದ. ಅವಳು ಹತ್ತಿರ ಕೂತು ತಾನೂ ನೋಡಿ, ಎದ್ದು ಬಂದಳು. ನನ್ನನ್ನು ದಾಟುವಾಗ ತುಟಿ ಮಾತ್ರ ಆಡಿಸಿದಳು. "ನಾಳೆ. ಅಲ್ಲೇ ಹೇಳ್ತೀನಿ."

*

ಸೋಮವಾರ ಅಮ್ಮ ಹೊಸ ಸೀರೆ ಉಟ್ಟುಕೊಂಡರು, ಅಣ್ಣನೇ ನೇಯ್ದದ್ದು. ಅತ್ತಿಗೆಯೂ ಬರುತ್ತೇನೆಂದಳು. ಅಣ್ಣ ಬೇಡವೆಂದ. ಅವಳು ಆಗಲೇ ಚುಕ್ಕಿ ಎತ್ತಿಕೊಂಡು ಆಟೋದಲ್ಲಿ ಕೂತಿದ್ದಳು.

ಔಷಧಿಯ ಕೋಣೆಯಲ್ಲಿ ಒರಗುವ ಕುರ್ಚಿ, ಅದರ ಪಕ್ಕ ಕಂಬ, ಕಂಬಕ್ಕೆ ತೂಗುಹಾಕಿದ ಬಾಟ್ಲಿ. ಔಷಧಿಗೆ ಬೆಳಕು ತಾಗಬಾರದೆಂದು ಕಂದು ಚೀಲ ಹೊದಿಸಿದ್ದರು. ಅಮ್ಮ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

"ಕಷಾಯದ ಹಂಗಿದೆ. ಸಕ್ಕರೆ ಹಾಕಿದೀರಾ?" ಎಂದು ತಬಸ್ಸುಮ್ ಮೇಡಂ ಅವರನ್ನು ಕೇಳಿದರು.

"ಬೆಲ್ಲ ಹಾಕಿದೀವಿ," ಎಂದರು ಮೇಡಂ, ಅಮ್ಮನ ಕೈ ತಟ್ಟಿ ನರ ಹುಡುಕುತ್ತಾ.

ಡಾಕ್ಟರ್ ವಸುಧಾ ಬಂದು ಅಮ್ಮನ ಎದೆಬಡಿತ ನೋಡಿದರು. ಎರಡು ಸಲ ನೋಡಿದರು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅತ್ತಿಗೆ ಬಾಗಿಲ ಹತ್ತಿರ, ಮಗುವನ್ನು ಬಲ ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ನನಗೆ ಆ ಕೋಣೆಯಲ್ಲಿ ಕೆಲಸವಿರಲಿಲ್ಲ. ತಟ್ಟೆ ಹಿಡಿದುಕೊಂಡು ಒಳಗೆ ಬಂದು ಹಾಗೇ ಉಳಿದಿದ್ದೆ. ಅತ್ತಿಗೆಯ ತುಟಿಯನ್ನೇ ನೋಡುತ್ತಿದ್ದೆ. ಅದು ಒಂದು ಸಲ ತೆರೆಯಿತು. ಸೂಜಿ ಚುಚ್ಚಿಸಿಕೊಂಡ ಅಮ್ಮ "ಹಾ" ಎಂದರು. ತುಟಿ ಮುಚ್ಚಿತು.

ಮೇಡಂ ಸೂಜಿಗೆ ಟೇಪು ಹಾಕಿದರು. ಬಾಟ್ಲಿಯಿಂದ ಬಂದ ಕೊಳವೆಯನ್ನು ಸೂಜಿಗೆ ಸೇರಿಸಿದರು.

"ಅತ್ತಿಗೆ," ಎಂದೆ.

ಅವಳು ತಲೆ ತಗ್ಗಿಸಿ ಚುಕ್ಕಿಯ ಕಾಲುಗೆಜ್ಜೆ ಸರಿಮಾಡತೊಡಗಿದಳು.

ಮೇಡಂ ಕೊಳವೆಯ ಕ್ಲಿಪ್ಪು ಬಿಟ್ಟರು. ಮೇಲಿನ ಗಾಜಿನ ಬುಡ್ಡಿಯಲ್ಲಿ ಮೊದಲನೇ ಹನಿ ಬಿತ್ತು. ಎರಡನೆಯದೂ ಬಿತ್ತು. ಕಂದು ಬಣ್ಣದ ಔಷಧಿ ಕೊಳವೆಯಲ್ಲಿ ಇಳಿಯುತ್ತಾ ಅಮ್ಮನ ಕೈಯ ಕಡೆ ಬರುತ್ತಿತ್ತು. ನನ್ನ ಕೈಯಿಂದ ತಟ್ಟೆ ಬಿತ್ತು. ಆಮೇಲೆ ನೋಡಿದರೆ ನಾನು ಕುರ್ಚಿಯ ಪಕ್ಕದಲ್ಲಿದ್ದೆ. ಕೊಳವೆಯನ್ನು ಎರಡಾಗಿ ಮಡಚಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಬಣ್ಣ ನನ್ನ ಮುಷ್ಟಿಯ ಮೇಲ್ಗಡೆ ಕೊಳವೆಯಲ್ಲೇ ನಿಂತಿತ್ತು.

"ಏನೇ ಇದು?" ಎಂದ ಅಣ್ಣ.

"ಇಂಚರಾ, ಬಿಡು," ಎಂದರು ಡಾಕ್ಟರ್, ಮೆಲ್ಲಗೆ. "ಅಮ್ಮನ ಮೇಲಿನ ಪ್ರೀತಿ ಅರ್ಥ ಆಗತ್ತೆ. ಬಿಡಮ್ಮ."

"ಆ ಗೆರೆ ಅಮ್ಮಂದಲ್ಲ."

ನನ್ನ ದನಿ ಯಾರಿಗೂ ಕೇಳಿಸಲಿಲ್ಲ ಅಂದುಕೊಂಡೆ. ಎಲ್ಲರಿಗೂ ಕೇಳಿಸಿತ್ತು. ಡಾಕ್ಟರ್ ಕೈ ಚಾಚಿ ಕೊಳವೆಯ ಕ್ಲಿಪ್ಪು ಮುಚ್ಚಿದರು. ನನ್ನ ಮುಷ್ಟಿ ಬಿಡಿಸಲು ತಬಸ್ಸುಮ್ ಮೇಡಂ ಒಂದೊಂದೇ ಬೆರಳು ಎತ್ತಬೇಕಾಯಿತು.

"ಮತ್ತೆ ಯಾರದು?" ಎಂದರು ಡಾಕ್ಟರ್.

ನಾನು ಅತ್ತಿಗೆಯ ಕಡೆ ನೋಡಲಿಲ್ಲ. ನೋಡಿದ್ದರೆ ಅದೇ ಉತ್ತರವಾಗುತ್ತಿತ್ತು. ಉತ್ತರ ಕೊಟ್ಟವರು ಅಮ್ಮ.

"ಅಯ್ಯೋ, ಪಟ್ಟಿ ವಿಷಯನಾ? ಅದನ್ನ ನಾನೇ ಸೊಸೆಗೆ ಕೊಟ್ಟಿದ್ದು ಡಾಕ್ಟ್ರಮ್ಮ. ನಂಗೆ ಕಡಿತ ತಡೆಯೋಕಾಗ್ಲಿಲ್ಲ. ಅವಳು ಒಂದು ದಿನವೂ ತಪ್ಪಿಸಿಲ್ಲ, ಬೇಕಾದ್ರೆ ಕೇಳಿ. ಸ್ನಾನ ಮಾಡುವಾಗಲೂ ನೀರು ತಾಗದ ಹಂಗೆ ಕಾಪಾಡ್ಕೊಂಡಿದಾಳೆ. ನನ್ನ ಹೆತ್ತ ಮಗಳೂ ಮಾಡ್ತಿರಲಿಲ್ಲ." ಅಮ್ಮ ನನ್ನ ಕಡೆ ಕಣ್ಣು ಮಿಟುಕಿಸಿದರು.

ಅಣ್ಣ ಗೋಡೆ ಬಿಟ್ಟು ಎರಡು ಹೆಜ್ಜೆ ಬಂದ. ಹೆಂಡತಿಯ ಮುಖ ನೋಡಿದ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ಸೆರಗಿನ ಒಳಗೆ ಕೈ ಹಾಕಿ, ಪಟ್ಟಿ ಕಿತ್ತು, ಡಾಕ್ಟರ್ ಮುಂದೆ ಹಿಡಿದಳು. ಅದನ್ನು ಕೀಳುವಾಗ ನೋವಾಗುತ್ತದೆ. ಅವಳ ಮುಖದಲ್ಲಿ ಅದು ಕಾಣಿಸಲಿಲ್ಲ.

ಡಾಕ್ಟರ್ ಯಾರನ್ನೂ ಬೈಯಲಿಲ್ಲ. "ಎರಡು ಹೊಸ ಪಟ್ಟಿ ತನ್ನಿ," ಎಂದರು. ಅಮ್ಮನ ಗಾಯದ ಪಕ್ಕದಲ್ಲಿ ಒಂದನ್ನು ತಾವೇ ಹಾಕಿದರು. ಇನ್ನೊಂದಕ್ಕೆ ಹೊಸ ಸಂಖ್ಯೆ ತೆಗೆಸಿ, ಅತ್ತಿಗೆಯನ್ನು ಬಟ್ಟೆಯ ಮರೆಗೆ ಕರೆದುಕೊಂಡು ಹೋಗಿ ಹಾಕಿದರು. ಹೊರಗೆ ಬಂದಾಗ ಡಾಕ್ಟರ್ ಕೈ ತೊಳೆಯುತ್ತಾ ಬಹಳ ಹೊತ್ತು ನಲ್ಲಿಯ ಮುಂದೆ ನಿಂತರು. ಅತ್ತಿಗೆಯ ಎದೆಯಲ್ಲಿ ಅವರ ಬೆರಳಿಗೆ ಏನೋ ಸಿಕ್ಕಿತ್ತು ಎಂದು ನನಗೆ ಆಗಲೇ ಗೊತ್ತಾಯಿತು.

ಹೊಸ ಪಟ್ಟಿ ಮೊದಲ ಗೆರೆ ಎಳೆಯಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತೂ ಚುಕ್ಕಿ ನನ್ನ ಕೈಯಲ್ಲಿ ಗೆಜ್ಜೆ ಆಡಿಸುತ್ತಿತ್ತು. ಅಣ್ಣ ಅತ್ತಿಗೆಯ ಪಕ್ಕ ಹೋಗಿ ಕೂತ. ಏನೋ ಕೇಳಿದ. ಅವಳು ತಲೆ ಆಡಿಸಿದಳು. ಮತ್ತೆ ಕೇಳಿದ. ಅವಳು ಅವನ ತಲೆಗೂದಲಿನ ನೂಲು ತೆಗೆದಳು.

ಗೋಡೆಯ ಪರದೆಯ ಮೇಲೆ ಅಮ್ಮನ ಹೆಸರು ಬಂತು. ನೀಲಿ ಮೇಲೆ, ಕೆಂಪು ಕೆಳಗೆ, ಎರಡೂ ಗೆರೆಗಳು ದೂರ ದೂರ, ಮಟ್ಟಸವಾಗಿ ಹೋಗುತ್ತಿದ್ದವು.

"ಅಮ್ಮ, ನಿಮ್ಮದು ಚೆನ್ನಾಗಿದೆ," ಎಂದರು ತಬಸ್ಸುಮ್ ಮೇಡಂ. ದನಿ ಒಡೆದಿತ್ತು. "ನಿಮಗೆ ಏನೂ ಇಲ್ಲ."

ಅಮ್ಮ ಪರದೆ ನೋಡಿದರು. ಆಮೇಲೆ ಒಬ್ಬೊಬ್ಬರ ಮುಖ ನೋಡಿದರು. ಯಾರೂ ನಗುತ್ತಿರಲಿಲ್ಲ.

"ಹಂಗಾದ್ರೆ ಈ ಬಾಟ್ಲಿ ಯಾತಕ್ಕೆ ಕಿಶೋರಾ?"

ಅಣ್ಣ ಹೇಳಿದ. ನೆಲ ನೋಡಿಕೊಂಡು ಹೇಳಿದ. ಶಕ್ತಿಯ ಬಾಟ್ಲಿ ಅಲ್ಲ, ಗೆರೆ ದಾಟಿತ್ತು, ನಿನಗೆ ತಿಳಿಯಬಾರದೆಂದು ನಾನೇ ಹೇಳಿದ್ದೆ ಎಂದ. ಅವನು ಮುಗಿಸುವ ಹೊತ್ತಿಗೆ ಪರದೆಯ ಮೇಲೆ ಇನ್ನೊಂದು ಹೆಸರು ಬಂದಿತ್ತು. ಲಾವಣ್ಯ. ಅದರ ಕೆಳಗೆ ಕೆಂಪು ಮೇಲೆ, ನೀಲಿ ಕೆಳಗೆ.

ಡಾಕ್ಟರ್ ಅತ್ತಿಗೆಯ ಹತ್ತಿರ ಹೋಗಿ ಕೆಳದನಿಯಲ್ಲಿ ಮಾತಾಡತೊಡಗಿದರು. ಬೇಗ ಸಿಕ್ಕಿದೆ ಎಂದರು. ಹೃದಯ ಗಟ್ಟಿಯಿದೆ ಎಂದರು. ಎಡಗಡೆಗೇ ಹಾಕಿಕೊಂಡಿದ್ದರಿಂದ ಗೊತ್ತಾಯಿತು ಎಂದೂ ಅಂದರು. ಅತ್ತಿಗೆ ತಲೆಯಾಡಿಸುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ತಿಳಿಯದು.

ಅಮ್ಮ ಕುರ್ಚಿಯಿಂದ ಇಳಿದರು. ಕೈಗೆ ಚುಚ್ಚಿದ್ದ ಸೂಜಿ ಹಾಗೇ ಇತ್ತು. ಕೊಳವೆ ಹಿಂದೆ ಎಳೆದುಕೊಂಡು ಬಂತು, ಕಂಬ ಅಲುಗಿತು. ಅತ್ತಿಗೆಯ ಮುಂದೆ ನಿಂತು, ಡಾಕ್ಟರ್ ಮೇಜಿನ ಮೇಲಿಟ್ಟಿದ್ದ ಹಳೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಡಾಕ್ಟ್ರಮ್ಮ," ಎಂದರು. "ಇದು ನಂದು. ಅರಿಶಿನ ಕುಂಕುಮ ಇಟ್ಟು ನಾನೇ ಅವಳ ಕೈಗೆ ಕೊಟ್ಟೆ. ಅವಳು ಬೇಡ ಅನ್ನಲಿಲ್ಲ. ಅದರಲ್ಲಿ ಬಂದಿದ್ದೂ ನಂದೇ. ನಂಗೇ ವಾಪಸ್ ಹಾಕಿಬಿಡಿ."

ಡಾಕ್ಟರ್ ಮಾತು ನಿಲ್ಲಿಸಿದರು. ತಬಸ್ಸುಮ್ ಮೇಡಂ ಕಂಬ ಬೀಳದಂತೆ ಹಿಡಿದುಕೊಂಡು ನಿಂತಿದ್ದರು. ಅಮ್ಮ ರವಿಕೆಯ ಮೇಲಿನ ಗುಂಡಿ ಬಿಚ್ಚಿ, ಪಟ್ಟಿಯನ್ನು ಡಾಕ್ಟರ ಕಡೆ ಚಾಚಿದರು.

"ಹಾಕಿ ಡಾಕ್ಟ್ರಮ್ಮ."